ಗಿಲಕಿ ಕಪ್ಪೆಗೆ ನಾಗನ ಕಾವಲು

ಜಯಲತಾ ಟೀಚರ್ ಸುಳ್ಳು ಹೇಳುವವರಲ್ಲ. ಡೊಂಬಿವಲಿಯ ಜೂನಿಯರ್ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದವರು, ಮೌಖಿಕ ಪರೀಕ್ಷೆಯಲ್ಲಿ ಸ್ವಂತ ಮಗಳಿಗೂ ಅರ್ಧ ಅಂಕ ಹೆಚ್ಚು ಕೊಡದೆ ಎಂಟು ದಿನ ಅವಳಿಂದ ಮಾತು ಬಿಡಿಸಿಕೊಂಡವರು. ಅಂಥವರು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಗಂಡನ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕುಳಿತು, ಎದುರಿಗಿದ್ದವರ ಕಣ್ಣಲ್ಲಿ ಕಣ್ಣಿಟ್ಟು ಒಂದು ಸುಳ್ಳು ಹೇಳಿದರು. ಅದೂ ನಾಗನ ಹೆಸರಿನಲ್ಲಿ. ಉಡುಪಿ ಕಡೆಯವರನ್ನು ಯಾರನ್ನು ಬೇಕಾದರೂ ಕೇಳಿ ನೋಡಿ. ಇನ್‌ಕಮ್ ಟ್ಯಾಕ್ಸಿನವರಿಗೆ ಸುಳ್ಳು ಹೇಳಿಯಾರು, ಹೆಣ್ಣು ನೋಡಲು ಬಂದವರಿಗೆ ಹೇಳಿಯಾರು, ನಾಗನ ವಿಷಯ ಬಂದರೆ ಮಾತ್ರ ಎಂಥ ಬಾಯಿಬಡುಕನೂ ತಗ್ಗಿದ ದನಿಯಲ್ಲಿ ಮಾತಾಡುತ್ತಾನೆ.

ಟೀಚರ್ ಆ ಸುಳ್ಳು ಹೇಳಿದ್ದು ಕಪ್ಪೆಗಳಿಗಾಗಿ.

ಶುರುವಾದದ್ದು ೨೦೧೨ರ ಜೂನ್ ತಿಂಗಳಲ್ಲಿ, ನೋಟ್‌ಬುಕ್ ಹಂಚುವ ನೆಪದಲ್ಲಿ. ಕಲ್ಯಾಣದಿಂದಾಚೆ ಮಲಂಗಗಡದ ದಿಕ್ಕಿಗೆ ಒಂದು ಕಲ್ಲು ಕ್ವಾರಿ ಇತ್ತು. ಅದರ ಯಜಮಾನ ಜಯಶೀಲ ಕುಂದಾಪುರದ ಕಡೆಯವರು. ನವಿ ಮುಂಬಯಿಯಲ್ಲಿ ಏಳುತ್ತಿದ್ದ ಎಷ್ಟೋ ಟವರುಗಳಿಗೆ ಜಲ್ಲಿ ಹೋಗುತ್ತಿದ್ದುದು ಅವರ ಕ್ರಷರಿನಿಂದ. ಉಡುಪಿ ಕಡೆಯ ಊರವರ ಸಂಘಕ್ಕೆ ಕೈಬಿಚ್ಚಿ ಕೊಡುವ ದಾನಿ. ಕ್ವಾರಿಯ ಕೂಲಿಕಾರರ ಮಕ್ಕಳಿಗೆ ನೋಟ್‌ಬುಕ್ ಕೊಡಿಸಿದ್ದೂ ಅವರೇ, ಹಂಚಲು ಹೋದದ್ದು ಸಂಘದ ಮಹಿಳೆಯರು. ಹಂಚಿ ಮುಗಿಯುವಷ್ಟರಲ್ಲಿ ಆ ವರ್ಷದ ಮೊದಲ ಮಳೆ ಹೊಡೆಯಿತು. ಉಳಿದವರು ಸೀರೆ ಎತ್ತಿಕೊಂಡು ವ್ಯಾನಿಗೆ ಓಡಿದರೆ ಟೀಚರ್ ಒಬ್ಬರೇ ಗುಡ್ಡ ಹತ್ತಿದರು, ಏಕೆಂದರೆ ಮೇಲಿನಿಂದ ಒಂದು ಸದ್ದು ಬರುತ್ತಿತ್ತು. ಮಕ್ಕಳ ಗಿಲಕಿಯನ್ನು ನೂರಾರು ಜನ ಒಟ್ಟಿಗೆ ಅಲ್ಲಾಡಿಸಿದಂಥ ಸದ್ದು.

ಮೇಲೆ ಚಪ್ಪಟೆ ಬಂಡೆ. ಬಂಡೆಯ ನಡುವೆ ಒಂದು ತಗ್ಗು ಹೊಂಡ, ಹೆಚ್ಚೆಂದರೆ ಡೊಂಬಿವಲಿಯ ಒಂದು ಬೆಡ್‌ರೂಮ್ ಫ್ಲಾಟಿನಷ್ಟು. ಅದರ ತುಂಬ ಹೆಬ್ಬೆರಳಿನ ತುದಿಯಷ್ಟು ದೊಡ್ಡ ಕಪ್ಪೆಗಳು, ಜೇನಿನ ಬಣ್ಣದವು, ಬೆನ್ನ ಮೇಲೆ ಕುಂಕುಮ ಎಳೆದಂತೆ ಒಂದು ಗೆರೆ. ಛತ್ರಿಯಿಲ್ಲದೆ ನೆನೆಯುತ್ತ ಟೀಚರ್ ಮುಕ್ಕಾಲು ಗಂಟೆ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಇಪ್ಪತ್ತೊಂಬತ್ತು ವರ್ಷ ಅವರಿಗೆ ಕಪ್ಪೆ ಎಂದರೆ ಕ್ಲೋರೋಫಾರ್ಮ್ ಡಬ್ಬಿಯಿಂದ ತೆಗೆದು ಮೇಣದ ತಟ್ಟೆಗೆ ಗುಂಡುಸೂಜಿ ಚುಚ್ಚಿ ಮಲಗಿಸುವ ವಸ್ತು. ಅದು ತನ್ನ ಪಾಡಿಗೆ ತಾನು ಬದುಕುವುದನ್ನು ಅವರು ಕಣ್ಣಾರೆ ನೋಡಿದ್ದು ಅದೇ ಮೊದಲು. ನಾಚಿಕೆಯಾಯಿತು. ಎಷ್ಟು ನಾಚಿಕೆಯಾಯಿತೆಂದರೆ ಅಳು ಬಂತು.

"ಗಿಲಕಿ ಕಪ್ಪಿ ರೀ ಬಾಯಾರ" ಎಂದಳು ಹಿಂದೆಯೇ ಹತ್ತಿ ಬಂದಿದ್ದ ಭೀಮಮ್ಮ. ವಿಜಾಪುರದ ಕಡೆಯಿಂದ ಬಂದು ಹದಿನೈದು ವರ್ಷಗಳಿಂದ ಆ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದವಳು. "ಮೊದಲನೇ ಮಳಿಗಿ ನಾಕ ದಿನ ಬರ್ತಾವು. ತತ್ತಿ ಇಟ್ಟು ಹೋಗ್ತಾವು. ಆಮ್ಯಾಲ ಎಲ್ಲಿ ಅಡಗತಾವೋ ಯಾರಿಗ್ ಗೊತ್ತ."

ಟೀಚರ್ ಫೋಟೋ ತೆಗೆದು ಅಶ್ಮಿತಾಗೆ ಕಳಿಸಿದರು. ಅವರ ಹಳೆಯ ವಿದ್ಯಾರ್ಥಿನಿ, ಈಗ ಪುಣೆಯಲ್ಲಿ ಕಪ್ಪೆಗಳ ಮೇಲೆಯೇ ಸಂಶೋಧನೆ ಮಾಡುವವಳು. ಮರುದಿನವೇ ಓಡಿಬಂದಳು. ನಾಲ್ಕು ದಿನ ಹೊಂಡದ ಪಕ್ಕ ಕುಳಿತು ಎಣಿಸಿದಳು, ಅಳೆದಳು, ದನಿ ರೆಕಾರ್ಡ್ ಮಾಡಿಕೊಂಡಳು.

"ಟೀಚರ್, ಕಾಯ್ ಸಾಂಗೂ ತುಮ್ಹಾಲಾ, ಏನು ಹೇಳಲಿ ನಿಮಗೆ! ಇದು ಎರಡೇ ಜಾಗದಲ್ಲಿ ಇತ್ತು. ದುಸ್ರಾ ಜಾಗಾ ಈಗ ಟೌನ್‌ಶಿಪ್ ಆಗಿದೆ. ಮತಲಬ್ ಉಳಿದಿರೋದು ಇದೊಂದೇ ಹೊಂಡ. ಇವು ಬೇರೆ ನೀರಿಗೆ ಹೋಗೋದಿಲ್ಲ. ಹುಟ್ಟಿದ ಜಾಗಕ್ಕೇ ವಾಪಸ್ ಬರ್ತವೆ. ಯೇ ಗಯಾ ತೋ ಸಬ್ ಗಯಾ, ಇದು ಹೋದ್ರೆ ಎಲ್ಲ ಹೋಯ್ತು."

ದೀಪಾವಳಿಯ ಹೊತ್ತಿಗೆ ಸುದ್ದಿ ಬಂತು. ಕೆಳಗಿನ ಕಲ್ಲು ಮುಗಿಯುತ್ತ ಬಂದಿದೆ, ಹೊಸ ವರ್ಷದಿಂದ ಮೇಲಿನ ಬಂಡೆಗೆ ಸಿಡಿಮದ್ದು ಇಡುತ್ತಾರೆ. ಟೀಚರ್ ಅರ್ಜಿ ಬರೆದರು. ಒಂದಲ್ಲ, ಹನ್ನೊಂದು. ಠಾಣೆ ಪಟ್ಟಣದ ಸರಕಾರಿ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಮಂಡಿಚಿಪ್ಪು ಸವೆಸಿಕೊಂಡರು. ಕೊನೆಗೆ ಸಿಕ್ಕ ಉತ್ತರ ಒಂದೇ ಸಾಲಿನದು: ಜಾಗ ಖಾಸಗಿ, ಪರವಾನಗಿ ಸರಿಯಾಗಿದೆ, ಸದರಿ ಪ್ರಾಣಿಯ ಹೆಸರು ಸಂರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿ ಇಲ್ಲ. ಪಟ್ಟಿಗೆ ಹೆಸರು ಸೇರಿಸಲು ಎಷ್ಟು ಸಮಯ ಬೇಕೆಂದು ಅಶ್ಮಿತಾಳನ್ನು ಕೇಳಿದರೆ ಅವಳು ಮೂರು ವರ್ಷ ಎಂದಳು. ಮದ್ದು ಇಡಲು ಮೂರು ವಾರ ಉಳಿದಿತ್ತು.

ಉಳಿದದ್ದು ಜಯಶೀಲರ ಕೈಕಾಲು ಹಿಡಿಯುವುದು. ಟೀಚರ ಗಂಡ ತಾರಾನಾಥರದ್ದು ಕೋಪರಿಯಲ್ಲಿ, ಠಾಣೆ ಸ್ಟೇಶನ್ನಿನ ಪೂರ್ವಕ್ಕೆ, ಹಳೆಯ ಸಸ್ಯಾಹಾರಿ ಹೋಟೆಲು. ಜಯಶೀಲರು ಭಾನುವಾರ ಬೆಳಿಗ್ಗೆ ಅಲ್ಲಿಗೆ ಬಂದು ಎರಡು ಪ್ಲೇಟ್ ನೀರುದೋಸೆ ತಿನ್ನದೆ ಹೋಗುವವರಲ್ಲ. ಕೆಟ್ಟ ಮನುಷ್ಯ ಎಂದು ಅವರನ್ನು ಯಾರೂ ಹೇಳುವಂತಿಲ್ಲ. ಟೀಚರ್ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ನಿಮ್ಮ ಮೇಲೆ ಗೌರವ ಉಂಟು ಟೀಚರ್ರೆ. ಆದ್ರೆ ಕಪ್ಪೆಗೋಸ್ಕರ ಕ್ವಾರಿ ನಿಲ್ಲಿಸಿದ ಅಂತ ಗೊತ್ತಾದ್ರೆ ಈ ಠಾಣೆಯಲ್ಲಿ ನಾನು ತಲೆ ಎತ್ತಿ ತಿರುಗ್ಲಿಕ್ಕುಂಟಾ? ನೀವೇ ಹೇಳಿ."

ದೋಸೆ ಮುರಿಯುತ್ತಿದ್ದ ಆ ಬಲಗೈಯನ್ನು ಟೀಚರ್ ನೋಡಿದರು. ಮಣಿಕಟ್ಟಿನ ಮೇಲೆ ಬಿಳಿ ತೊನ್ನು, ಎರಡು ವರ್ಷದಲ್ಲಿ ಮೊಣಕೈಯವರೆಗೆ ಏರಿತ್ತು. ವೈದ್ಯರಿಗೆ ತೋರಿಸಿದ್ದಾಯಿತು, ನಾಗನಿಗೆ ಆಶ್ಲೇಷಾ ಬಲಿ ಎರಡು ಸಲ ಕೊಡಿಸಿದ್ದಾಯಿತು. ನಾಗದೋಷ ಎಂದು ಯಾರೋ ಕಿವಿಗೆ ಹಾಕಿದ ಮಾತು ಅವರ ನಿದ್ದೆ ತಿನ್ನುತ್ತಿದೆಯೆಂದು ಸಂಘದಲ್ಲಿ ಎಲ್ಲರಿಗೂ ಗೊತ್ತು.

"ಅಲ್ಲಿ ನಾಗನ ಕಲ್ಲುಂಟು" ಎಂದರು ಟೀಚರ್. "ಹೊಂಡದ ದಂಡೆಯಲ್ಲಿ. ಹಳೇದು. ನಾನೇ ನೋಡಿದ್ದೇನೆ."

ಜಯಶೀಲರ ಕೈ ತಟ್ಟೆಯಲ್ಲೇ ನಿಂತಿತು. ಕೈ ತೊಳೆದು ಹೊರಗೆ ಹೋಗಿ ಕ್ವಾರಿಗೆ ಫೋನ್ ಮಾಡಿ ಮೇಲಿನ ಕೆಲಸ ಬಂದ್ ಮಾಡಿಸಿದರು. ಅವರು ಹೋದ ಮೇಲೆ ತಾರಾನಾಥರು ಬಾಗಿಲು ಮುಂದಕ್ಕೆಳೆದರು.

"ಈ ದಾದ ಪಂಡ ಜಯಾ?" ಎಂದರು ತುಳುವಿನಲ್ಲಿ. "ಎಂತ ಹೇಳಿದ್ದು ಅಂತ ಗೊತ್ತುಂಟಾ ನಿನಗೆ? ಅಲ್ಲಿ ಕಲ್ಲು ಎಲ್ಲಿಂದ ಬರ್ತದೆ?"

"ಬರಿಸ್ತೇನೆ."

ಭೀಮಮ್ಮನ ತಾಯಿಮನೆಯವರು ಒರಳು, ಬೀಸುವ ಕಲ್ಲು ಕೆತ್ತುವವರು, ಉಳಿ ಹಿಡಿಯುವುದು ಅವಳಿಗೂ ಬರುತ್ತಿತ್ತು. ವಿಷಯ ಕೇಳಿ ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ್ರಿ ಬಾಯಾರ. ನಾಗಪ್ಪನ ಕೂಡ ಆಟ ಬ್ಯಾಡ. ಕರದ್ರ ಬರ್ತಾನ, ಹೋಗಂದ್ರ ಹೋಗಾಂವಲ್ಲ."

ಆದರೂ ಕೆತ್ತಿದಳು. ಮೇಲಿನ ಬಂಡೆ ಹಾರಿಸಿದರೆ ಅದರಡಿಯ ತನ್ನ ಗುಡಿಸಲೂ ಹಾರುತ್ತದೆಂದು ಅವಳಿಗೆ ಗೊತ್ತಿತ್ತು. ಎರಡು ಮೊಳದ ಕಲ್ಲು, ಐದು ಹೆಡೆ, ಸುರುಳಿ ಸುತ್ತಿದ ಮೈ. ಮಸಿ ಮೊಸರು ಕಲಸಿ ಬಳಿದು, ಗೋಣಿ ಮುಚ್ಚಿ, ಹದಿನೈದು ದಿನ ನೀರು ಚಿಮುಕಿಸಿದ ಮೇಲೆ ಅದಕ್ಕೆ ಹಸಿರು ಹಿಡಿಯಿತು. ಹೊಂಡದ ಪಕ್ಕ ಅರ್ಧ ಹೂತು ನಿಲ್ಲಿಸಿದರು. ಬಳ್ಳಿ ಎಳೆದು ಹೊದಿಸಿದಾಗ ಅದು ಅಜ್ಜನ ಕಾಲದಿಂದ ಅಲ್ಲೇ ಇದ್ದಂತೆ ಕಂಡಿತು. ಗುಡ್ಡ ಇಳಿಯುವಾಗ ಟೀಚರಿಗೆ ಎರಡು ಸಲ ಹಿಂದೆ ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ.

ಒಳ್ಳೆಯ ದಿನಕ್ಕಾಗಿ ಅಲ್ಲಿಯವರೆಗೆ ಕಾದಿದ್ದ ಜಯಶೀಲರು ಬಂದರು, ಬೂಟು ಬಿಚ್ಚಿ ಬರಿಗಾಲಲ್ಲಿ ಹತ್ತಿದರು, ಕಲ್ಲಿನ ಮುಂದೆ ಉದ್ದಂಡ ಮಲಗಿದರು. ಮದ್ದು ಇಡುವ ಕೆಲಸವನ್ನು ಗುಡ್ಡದ ಬೆನ್ನ ಕಡೆಗೆ ತಿರುಗಿಸಿದರು. ಅಶ್ಮಿತಾ ಫೋನಿನಲ್ಲೇ ಕುಣಿದಳು. ಒಂದು ತಿಂಗಳು ಟೀಚರಿಗೆ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ. ಗೆದ್ದೆ ಎಂದುಕೊಂಡರು ಪಾಪ.

ನಮ್ಮವರ ಕ್ರಮ ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಮರೆತಿದ್ದರು. ಸಾನ್ನಿಧ್ಯ ಕಂಡ ಮೇಲೆ ಅದನ್ನು ಹಾಗೇ ಬಿಡಲು ಉಂಟೇ? ಜ್ಯೋತಿಷಿಯಿಂದ ಪ್ರಶ್ನೆ ಇಡಿಸಬೇಕು. ದರ್ಶನ ಆಗಬೇಕು. ನಾಗನ ಬಾಯಿಂದಲೇ ಅವನ ಇಚ್ಛೆ ಕೇಳಬೇಕು. ಫೆಬ್ರವರಿಯಲ್ಲಿ ಜಯಶೀಲರು ಊರಿನಿಂದ ನಾಗಪಾತ್ರಿ ಹಯಗ್ರೀವರನ್ನು ಕರೆಸಿದರು. ನಾಗ ಮೈಮೇಲೆ ಬಂದು ಮಾತಾಡುವುದು ಇವರ ಮೂಲಕ. ಸಂಘದ ಇಪ್ಪತ್ತು ಮಂದಿ ಗುಡ್ಡ ಹತ್ತಿದರು. ಮೊದಲು ಕಂಡವರೆಂದು ಟೀಚರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು.

ಟೀಚರಿಗೆ ಇದ್ದದ್ದು ಒಂದೇ ಹೆದರಿಕೆ. ಪಾತ್ರಿ ಸುಳ್ಳನ್ನು ಹಿಡಿದುಬಿಟ್ಟರೆ? ಕಲ್ಲಿನ ಎಡ ಅಂಚಿನಲ್ಲಿ ಭೀಮಮ್ಮನ ಉಳಿಯ ಗುರುತು ಇನ್ನೂ ಬೆಳ್ಳಗಿತ್ತು. ಬಿಸಿಲಿಗೆ ಹೊಂಡ ಬತ್ತಿ ಮಧ್ಯದಲ್ಲಿ ಮೊಣಕಾಲುದ್ದ ಕೆಸರು ನೀರಿತ್ತು. ಹಯಗ್ರೀವರು ಅಡಿಕೆ ಹೂವಿನ ಹಿಂಗಾರದ ಗೊನೆಯಲ್ಲಿ ಮುಖ ಹುದುಗಿಸಿದರು. ಮೈ ನಡುಗಿತು, ಕಾಲು ಸೋತಿತು, ಬಂಡೆಯ ಮೇಲೆ ಬಿದ್ದು ಹೊರಳಿದರು. ಹೊರಳುತ್ತ ಹೊರಳುತ್ತ ಟೀಚರ ಪಾದದ ಹತ್ತಿರ ಬಂದು ನಿಂತು, ತಲೆ ಎತ್ತಿದರು. ಕಣ್ಣಲ್ಲಿ ಗುರುತಿರಲಿಲ್ಲ.

"ಸತ್ಯ ಉಂಟು" ಎಂದಿತು ದನಿ. "ಸಾನ್ನಿಧ್ಯ ಉಂಟು. ಇವಳು ಕರೆದಳು, ನಾನು ಬಂದೆ. ಕೊಳೆತ ನೀರಿನ ಬದಿಯಲ್ಲಿ ನನ್ನನ್ನು ಕೂರಿಸಿದ್ದೀರಿ. ನೆಲೆ ಶುದ್ಧ ಮಾಡಿ."

ಇಪ್ಪತ್ತು ಮಂದಿ ಕೈ ಮುಗಿದರು. ಈ ಮನುಷ್ಯ ನಾಟಕ ಮಾಡುತ್ತಿದ್ದಾನೆ ಎಂದರೆ ಟೀಚರಿಗೆ ಒಂದು ಭಯ. ಇಲ್ಲ, ನಿಜವಾಗಿಯೇ ಏನೋ ಒಂದು ಬಂದು ಆ ಹೊಸ ಕಲ್ಲಿನಲ್ಲಿ ಕುಳಿತಿದೆ ಎಂದರೆ ಇನ್ನೊಂದು ಭಯ. ಪ್ರಾಣಿಶಾಸ್ತ್ರದ ಟೀಚರಾಗಿ ಅವರು ಮೊದಲನೆಯದನ್ನು ನಂಬಬೇಕಿತ್ತು. ಆದರೆ 'ಇವಳು ಕರೆದಳು' ಎಂಬ ಮಾತು ರೈಲಿನಲ್ಲಿ ಡೊಂಬಿವಲಿಯವರೆಗೂ ಅವರ ಕಿವಿಯಿಂದ ಇಳಿಯಲಿಲ್ಲ.

ಹದಿನೈದು ದಿನದ ನಂತರ ಜಯಶೀಲರು ನೌಪಾಡಾದ ತಮ್ಮ ಆಫೀಸಿಗೆ ಕರೆದು ನಕ್ಷೆ ಹರಡಿದರು. ಗ್ರಾನೈಟಿನ ಕಟ್ಟೆ, ಸ್ಟೀಲ್ ರೇಲಿಂಗು, ವ್ಯಾನು ಹತ್ತಲು ಕಾಂಕ್ರೀಟ್ ರಸ್ತೆ. ಹೊಂಡವಿದ್ದ ಜಾಗದಲ್ಲಿ ನಾಲ್ಕಡಿ ಆಳದ ತೀರ್ಥಕುಂಡ, ಒಳಗೆಲ್ಲ ಬಿಳಿ ಟೈಲ್ಸು, ಪಾತ್ರಿ ಇಳಿಯಲು ಒಂದು ಕಬ್ಬಿಣದ ಏಣಿ. ಪ್ರತಿಷ್ಠೆ ಜೂನ್ ಮೊದಲ ವಾರಕ್ಕೆ.

ಟೀಚರ್ ನಕ್ಷೆಯ ಮೇಲೆ ಎರಡೂ ಕೈ ಊರಿದರು. "ಜಯಶೀಲರೆ, ಅದು ಸುಳ್ಳು. ಕಲ್ಲು ನಾನು ಇಟ್ಟದ್ದು. ಭೀಮಮ್ಮನ ಕೈಲಿ ಕೆತ್ತಿಸಿ, ಮೊಸರು ಬಳಿದು. ಕಪ್ಪೆ ಉಳಿಸ್ಲಿಕ್ಕೆ ನಿಮಗೆ ಸುಳ್ಳು ಹೇಳಿದೆ. ಬೇಕಾದ್ರೆ ಸಂಘದವರ ಎದುರು ನನ್ನ ಮಾನ ತೆಗೀರಿ."

ನಿಜ ಹೇಳಿದ್ದಕ್ಕೆ ಈಗ ಮತ್ತೆ ಮದ್ದು ಇಡಿಸುತ್ತಾರೆ, ಹೊಂಡ ಹೇಗೂ ಹೋಗುತ್ತದೆ ಎಂದು ಟೀಚರಿಗೆ ಗೊತ್ತಿತ್ತು. ಮದ್ದಿಗಾದರೆ ಇನ್ನೊಂದು ಅರ್ಜಿ ಬರೆಯಬಹುದು, ಟೈಲ್ಸಿಗೆ ಯಾವ ಕಚೇರಿಗೆ ಬರೆಯುವುದು?

ಜಯಶೀಲರು ಒಂದು ಲೋಟ ನೀರು ಕುಡಿದರು. ಆಮೇಲೆ ಅವರ ಮುಖದಲ್ಲಿ ನಗು ಬಂತು, ಅಂಥ ನಗುವನ್ನು ಟೀಚರ್ ಆವರೆಗೆ ಅವರಲ್ಲಿ ನೋಡಿರಲಿಲ್ಲ.

"ಕೆತ್ತಿದ್ದು ಭೀಮಮ್ಮ. ಇಟ್ಟದ್ದು ನೀವು. ನಿಮ್ಮ ಕೈಲಿ ಇಡಿಸಿದ್ದು ಯಾರು ಟೀಚರ್ರೆ?" ಎಂದು ಅಂಗಿಯ ತೋಳು ಮೇಲೇರಿಸಿದರು. "ನೋಡಿ. ಆ ದಿನದಿಂದ ಒಂದು ನೂಲಿನಷ್ಟು ಮುಂದೆ ಹೋಗ್ಲಿಲ್ಲ. ಸುಳ್ಳಿಗೆ ಇದು ಆಗ್ತದಾ?"

"ಹಾಗಾದ್ರೆ ಕಲ್ಲನ್ನು ನೂರು ಗಜ ಆಚೆ ಇಡಿ. ಕಟ್ಟೆ ಅಲ್ಲಿ ಕಟ್ಟಿ. ಹೊಂಡ ಹಾಗೇ ಇರ್ಲಿ."

"ನಾಗನನ್ನು ಕದಲಿಸುವುದಾ?" ಜಯಶೀಲರು ಕಿವಿ ಮುಚ್ಚಿಕೊಂಡರು. "ಬಿಡ್ತು ಅನ್ನಿ, ಬಿಡ್ತು ಅನ್ನಿ ಮಾರಾಯ್ರೆ!"

ಕದಲಿಸಲಾಗದು ಎಂಬ ಕಾರಣಕ್ಕೂ ತಾನೇ ಟೀಚರ್ ನಾಗನನ್ನು ಆರಿಸಿದ್ದು. ಅದೇ ಈಗ ಅವರ ಕುತ್ತಿಗೆಗೆ ಬಿತ್ತು. ಮನೆಗೆ ಬಂದರೆ ತಾರಾನಾಥರು ಆಮಂತ್ರಣ ಪತ್ರಿಕೆ ತೋರಿಸಿದರು, 'ಸಾನ್ನಿಧ್ಯವನ್ನು ಪ್ರಥಮ ಕಂಡ ಶ್ರೀಮತಿ ಜಯಲತಾ ತಾರಾನಾಥ' ಎಂದು ಬಂಗಾರದ ಅಕ್ಷರದಲ್ಲಿ ಅಚ್ಚಾಗಿತ್ತು. ಗಂಡನ ಮುಖದಲ್ಲಿ ಹೆಮ್ಮೆ ಕಂಡಿತು. ಕಲ್ಲಿನ ಹುಟ್ಟು ಗೊತ್ತಿದ್ದ ಮನುಷ್ಯನಿಗೆ ಹೆಮ್ಮೆ! ಟೀಚರಿಗೆ ಮೈ ಉರಿಯಿತು.

ಅಶ್ಮಿತಾ ಕೈಚೆಲ್ಲಲಿಲ್ಲ. ಕುಂಡದಿಂದ ಐವತ್ತು ಗಜ ಆಚೆ ಹಳೆಯ ಹೊಂಡದಷ್ಟೇ ಆಳದ ಇನ್ನೊಂದು ಹೊಂಡ ತೋಡೋಣ, ಮಳೆ ಬಿದ್ದ ದಿನ ಕಪ್ಪೆಗಳಿಗೆ ನೆಟ್ ಅಡ್ಡ ಕಟ್ಟಿ, ಬಕೆಟಿನಲ್ಲಿ ಹಿಡಿದು ಅಲ್ಲಿಗೆ ಬಿಡೋಣ ಎಂದಳು. ಮೇ ತಿಂಗಳ ಬಿಸಿಲಿನಲ್ಲಿ ಮೂವರು ಹೆಂಗಸರು ತೋಡಿದರು. ಕ್ವಾರಿಯ ಟ್ಯಾಂಕರಿನಿಂದ ನೀರು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಒಂದು ಹನಿಯೂ ಇಲ್ಲ. ಗುಡ್ಡದ ಬೆನ್ನಿಗೆ ಐದು ತಿಂಗಳು ಇಟ್ಟ ಮದ್ದಿಗೆ ಒಳಗಿನ ಬಂಡೆಯೆಲ್ಲ ಬಿರುಕು ಬಿಟ್ಟಿತ್ತು. ಮತ್ತೆ ತುಂಬಿದರು, ಮತ್ತೆ ಇಂಗಿತು. ಮೂರನೆಯ ಸಲ ಭೀಮಮ್ಮ ಸನಿಕೆ ಕೆಳಗಿಟ್ಟು ಹೊರಟುಹೋದಳು.

ಪ್ರತಿಷ್ಠೆಯ ದಿನ ಬಸ್ಸು ಬಸ್ಸು ಜನ. ಠಾಣೆ, ಡೊಂಬಿವಲಿ, ವಾಶಿ, ನೆರೂಳ್. ಚೆಂಡೆಯ ಸದ್ದು, ತುಪ್ಪದ ಹೊಗೆ. ಬಿಳಿ ಟೈಲ್ಸಿನ ಕುಂಡದಲ್ಲಿ ನೀರು ಕಣ್ಣು ಕುಕ್ಕುವಷ್ಟು ತಿಳಿಯಾಗಿತ್ತು. ಬ್ಲೀಚಿಂಗ್ ಪೌಡರಿನ ವಾಸನೆ ಊದುಬತ್ತಿಯನ್ನೂ ಮೀರಿ ಹೊಡೆಯುತ್ತಿತ್ತು. ಬೆಳಗಿನ ಹತ್ತು ಗಂಟೆಗೆ ಆಕಾಶ ಕಪ್ಪಾಯಿತು. ಅಶ್ಮಿತಾ ನೆಟ್ ಹಿಡಿದು ಬಂದಿದ್ದಳು, ಸ್ವಯಂಸೇವಕರು ಅವಳನ್ನು ರಸ್ತೆಯಲ್ಲೇ ತಡೆದರು. ದೇವರ ಕಾರ್ಯದಲ್ಲಿ ಬಲೆ ತರುವುದುಂಟೇ? ಟೀಚರ್ ಬನಾರಸಿ ಸೀರೆಯಲ್ಲಿ, ಬೆಳ್ಳಿಯ ತಂಬಿಗೆಯಲ್ಲಿ ಹಾಲು ಹಿಡಿದು, ಎಲ್ಲರ ಮುಂದೆ ನಿಂತಿದ್ದರು. ಇವತ್ತು ಮಳೆ ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದರು. ಯಾರನ್ನು ಬೇಡಿಕೊಳ್ಳುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ.

ಮಳೆ ಬಂತು. ಜನ ಹರ್ಷೋದ್ಗಾರ ಮಾಡಿದರು, ನಾಗ ಒಪ್ಪಿದ ಎಂದರು. ಆ ಗದ್ದಲದ ಅಡಿಯಿಂದ ಗುಡ್ಡದ ನಾಲ್ಕೂ ಕಡೆ ಗಿಲಕಿಯ ಸದ್ದು ಎದ್ದಿತು.

ಕಪ್ಪೆಗಳು ಕಲ್ಲುಸಂದಿಯಿಂದ, ಪೊದೆಯಿಂದ, ಹೊಸ ರಸ್ತೆಯ ಅಂಚಿನಿಂದ ಬಂದವು. ಬರಿಗಾಲಿನ ಜನರ ನಡುವಿನಿಂದ, ರೇಲಿಂಗಿನ ಅಡಿಯಿಂದ ನುಸುಳಿ, ತಾವು ಹುಟ್ಟಿದ ಜಾಗ ಹುಡುಕಿ ಒಂದರ ಹಿಂದೆ ಒಂದು ಕುಂಡಕ್ಕೆ ಹಾರಿದವು. ಬಿದ್ದ ಕ್ಷಣ ಕಾಲು ಬಡಿದವು. ಗೋಡೆಗೆ ಹತ್ತಲು ನೋಡಿದವು, ಜಾರಿದವು. ಮೊದಲು ಬಿದ್ದವುಗಳ ಹೊಟ್ಟೆ ಆಗಲೇ ಮೇಲಾಗಿತ್ತು. ಮೇಲಿನಿಂದ ಇನ್ನೂ ಬೀಳುತ್ತಲೇ ಇದ್ದವು.

"ಮೊದಲ ಹಾಲು ಟೀಚರ್ ಎರೆಯಲಿ" ಎಂದು ಹಯಗ್ರೀವರು ಕೂಗಿದರು.

ಟೀಚರ್ ತಂಬಿಗೆಯ ಹಾಲನ್ನು ಬಂಡೆಯ ಮೇಲೆ ಚೆಲ್ಲಿದರು. ಏಣಿ ಹಿಡಿದು ಸೀರೆಸಮೇತ ಕುಂಡಕ್ಕೆ ಇಳಿದರು. ಖಾಲಿ ತಂಬಿಗೆಯಿಂದ ಕಪ್ಪೆಗಳನ್ನು ಮೊಗೆದು ಹೊರಗೆ ಎಸೆಯತೊಡಗಿದರು. ಎಸೆದವು ತಿರುಗಿ ಕುಂಡಕ್ಕೇ ಹಾರಿದವು. ಕೂದಲು ಬಿಚ್ಚಿತು, ಕಣ್ಣು ಬ್ಲೀಚಿಗೆ ಕೆಂಪಾಯಿತು. "ನೀರು ಬಿಡಿ! ನೀರು ಹೊರಗೆ ಬಿಡಿ! ಸಾಯ್ತವೆ, ಎಲ್ಲ ಸಾಯ್ತವೆ!" ಎಂದು ಕಿರುಚಿದರು.

ಒಂದು ಕ್ಷಣ ಚೆಂಡೆ ನಿಂತಿತು. ಜನರೊಳಗಿನಿಂದ ಒಬ್ಬ ಹೆಂಗಸು ಕೂಗಿದಳು: "ಆವೇಶ! ಟೀಚರಿಗೆ ಆವೇಶ ಬಂತು!"

ಚೆಂಡೆ ಇಮ್ಮಡಿಯಾಗಿ ಹೊಡೆಯಿತು. ಸಾವಿರ ಕೈಗಳು ಮುಗಿದವು. ಊಟದ ಸಾಲಿನ ಕೊನೆಯಲ್ಲಿದ್ದ ಭೀಮಮ್ಮ ಕಬ್ಬಿಣದ ಬುಟ್ಟಿ ಎತ್ತಿಕೊಂಡು ಓಡಿಬಂದಳು, ರೇಲಿಂಗಿನ ಹತ್ತಿರ ನಾಲ್ಕು ಜನ ಅವಳನ್ನು ಹಿಡಿದುಕೊಂಡರು. ಜಯಶೀಲರು ಗಳಗಳ ಅಳುತ್ತ ನೆಲಕ್ಕೆ ಹಣೆ ಹಚ್ಚಿದ್ದರು. ಟೀಚರ್ ತಲೆ ಎತ್ತಿ ಗಂಡನನ್ನು ಹುಡುಕಿದರು. ತಾರಾನಾಥರು ಕುಂಡದ ಅಂಚಿನಲ್ಲೇ ಇದ್ದರು.

"ನೀವಾದ್ರೂ ಹೇಳಿ!" ಎಂದರು ಟೀಚರ್. "ನಿಮಗೆ ಗೊತ್ತುಂಟಲ್ಲ! ಇದು ಆವೇಶ ಅಲ್ಲ, ನಾನು. ನಾನು ಜಯಾ!"

ಮೂವತ್ತನಾಲ್ಕು ವರ್ಷ ಒಟ್ಟಿಗೆ ಸಂಸಾರ ಮಾಡಿದ ಗಂಡ ಹೆಂಡತಿಯ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಕೈ ಮುಗಿದರು.

"ಶಾಂತನಾಗು ಸ್ವಾಮಿ" ಎಂದು ಹಯಗ್ರೀವರು ಮೊದಲ ಕೊಡ ಬಗ್ಗಿಸಿದರು. ಆಮೇಲೆ ಸಾಲಿನಲ್ಲಿದ್ದವರೆಲ್ಲ ಬಗ್ಗಿಸಿದರು. ಹಾಲು ಟೀಚರ ತಲೆಯ ಮೇಲಿಂದ ಇಳಿದು ಕುಂಡವನ್ನೆಲ್ಲ ತುಂಬಿತು, ಒಳಗೆ ಏನಿದೆಯೆಂದು ಕಾಣದಾಯಿತು. ಅವರು ಸೊಂಟದವರೆಗಿನ ಬಿಳಿಯಲ್ಲಿ ಬಗ್ಗಿ ಎರಡೂ ಕೈಯಾಡಿಸುತ್ತಿದ್ದರು. ಬೆರಳಿಗೆ ಸಿಕ್ಕವನ್ನೆಲ್ಲ ಎತ್ತಿ ಅಂಗೈಯಲ್ಲಿಟ್ಟು ನೋಡಿದರು. ಗುಡ್ಡದ ಮೇಲೆ ಈಗ ಕೇಳುತ್ತಿದ್ದುದು ಚೆಂಡೆ ಮತ್ತು ಮಳೆ ಮಾತ್ರ.